ಅಪ್ಪನ ಜಾವಾಕ್ಕೆ ಯೆಜ್ಡಿ ಮಡ್‌ಗಾರ್ಡು

ನಮ್ಮ ಕೆಂಗೇರಿ ಮನೆಯ ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟ ಒಂದು ತಗಡು ನನಗೆ ಬುದ್ಧಿ ಬಂದಾಗಿಂದ ಇದೆ. ಯುಗಾದಿಗೆ ಸುಣ್ಣ ಹೊಡೆಯುವಾಗ ಕೆಳಗಿಳಿಸೋದು, ಧೂಳು ಕೊಡವೋದು, ಮತ್ತೆ ಮೇಲಕ್ಕೆ ಹಾಕೋದು. ಅರ್ಧಚಂದ್ರನ ಥರ ಬಾಗಿದೆ, ಕಡುಗೆಂಪು ಬಣ್ಣ, ಒಂದು ಮೂಲೇಲಿ ಯಾರೋ ಮಂಡಿಯಿಂದ ಅಮುಕಿದ ಹಾಗೆ ತಗ್ಗು. ಚಿಕ್ಕವಳಿದ್ದಾಗ ಅದನ್ನ ಮಗುಚಿ ಹಾಕಿ ತೊಟ್ಟಿಲ ಥರ ತೂಗಿಸಿ, ಅದರೊಳಗೆ ಗೊಂಬೆ ಮಲಗಿಸಿದ್ದೂ ಉಂಟು. ಅದು ಅಪ್ಪನ 1967ರ ಜಾವಾ ಮೋಟರ್‌ಬೈಕಿನ ಹಿಂದಿನ ಮಡ್‌ಗಾರ್ಡು. ಬೈಕು ಕೆಳಗೆ ಜಗಲಿ ಪಕ್ಕ ಈಗ್ಲೂ ನಿಂತಿದೆ. ಆದ್ರೆ ಅದರ ಬೆನ್ನ ಮೇಲೆ ಇರೋದು ಬೇರೆ ಮಡ್‌ಗಾರ್ಡು, ಬೇರೆ ಟೈಲ್ ಲೈಟು. ಎರಡೂ ಯೆಜ್ಡಿದು.

ಈ ಕತೆ ಬರೀಬೇಕಾಗಿ ಬಂದಿದ್ದು ನಂಬರ್ ಪ್ಲೇಟಿನ ದೆಸೆಯಿಂದ. 2019ರ ಏಪ್ರಿಲ್‌ಗಿಂತ ಹಿಂದೆ ರಿಜಿಸ್ಟರ್ ಆದ ಗಾಡಿಗಳಿಗೂ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಬೇಕು ಅಂತ ನಮ್ಮ ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿತಲ್ಲ, ಆಮೇಲೆ ಗಡುವು ಮುಂದಕ್ಕೆ ಹಾಕುತ್ತಾ ಬಂತಲ್ಲ, ಅದೇ. ಬೈಕಿನ ಹಿಂದಿನ ಪ್ಲೇಟು 200 ಮಿಲಿಮೀಟರ್ ಉದ್ದ, 100 ಮಿಲಿಮೀಟರ್ ಎತ್ತರದ ಅಲ್ಯುಮಿನಿಯಂ ಹಾಳೆ. ಅದಕ್ಕೆ ಹಾಕೋ ಲಾಕನ್ನ ಒಂದು ಸಲ ಒತ್ತಿದ್ರೆ ಮುಗೀತು, ಮುರಿಯದೆ ಬಿಚ್ಚೋಕಾಗಲ್ಲ. ಪ್ಲೇಟು ಕೂರೋದು ಮಡ್‌ಗಾರ್ಡಿನ ಮೇಲೆ. ಹಾಗಾಗಿ ಅಣ್ಣನ ಮಗ ಬಂದು ಕೂತ.

"ಅತ್ತೆ, ಪ್ಲೇಟ್ ಹಾಕ್ಸೋಕ್ ಮುಂಚೆ ಒಂದು ತೀರ್ಮಾನ ಮಾಡ್ಬಿಡೋಣ. ಅಟ್ಟದ ಮೇಲಿರೋ ಒರಿಜಿನಲ್ ಇಳಿಸಿ ಟಿಂಕರಿಂಗ್ ಮಾಡಿಸಿ ಹಾಕ್ಸೋಣ. ಯೆಜ್ಡಿದು ಬೇಡ. ನೋಡಿದವ್ರು ನಗ್ತಾರೆ."

ಅವನು ಸುಮ್ಮನೆ ಹೇಳ್ತಿರಲಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೇ ವಾಹನಗಳಿಗೆ ಒಂದು ನಿಯಮ ತಂದಿದೆ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡು ಬಂದ, ಹೆಚ್ಚು ಬದಲಾವಣೆ ಕಾಣದ ಎರಡು ಚಕ್ರದ, ನಾಲ್ಕು ಚಕ್ರದ ಗಾಡಿಗಳನ್ನ 'ವಿಂಟೇಜ್' ಅಂತ ಗುರುತಿಸ್ತಾರೆ. ಆಗ್ಲೇ ರಿಜಿಸ್ಟರ್ ಆಗಿರೋ ಗಾಡಿಗೆ ಹಳೇ ನಂಬರೇ ಉಳಿಸಿಕೊಳ್ಳಬಹುದು. ಹೊಸದಾಗಿ ರಿಜಿಸ್ಟರ್ ಮಾಡಿಸಿದರೆ 20,000 ರೂಪಾಯಿ ಕಟ್ಟಬೇಕು, 'ವಿ.ಎ.' ಅಕ್ಷರದ ನಂಬರು ಸಿಗುತ್ತೆ. ಅಪ್ಪನ ಬೈಕು 2017ಕ್ಕೇ ಐವತ್ತು ದಾಟಿದೆ. ಇಷ್ಟು ಕಾಲ ಬದುಕಿರೋ ಗಾಡಿಗೆ ಆ ಮರ್ಯಾದೆ ಸಿಗಲಿ ಅನ್ನೋದು ಹುಡುಗನ ಆಸೆ. ತಪ್ಪೇನಿಲ್ಲ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಬೆಂಗಳೂರಲ್ಲಿ ಜಾವಾ-ಯೆಜ್ಡಿಯವರೆಲ್ಲ ಸೇರ್ತಾರೆ. ಅಲ್ಲಿಗೆ ಹೋಗಿ ಬಂದ ಮೇಲೆ ಅವನ ತಲೇಲಿ ಇದೇ ಕೂತಿತ್ತು.

ಅಮ್ಮ ಒಳಗಿಂದ ಅವರೇಕಾಯಿ ಬಿಡಿಸ್ತಾ ಕೇಳಿಸ್ಕೊಂಡಿದ್ಲು. ಏನೂ ಅನ್ನಲಿಲ್ಲ. ಎಡಗಾಲನ್ನ ಸ್ವಲ್ಪ ಮುಂದಕ್ಕೆ ಚಾಚಿದ್ಲು ಅಷ್ಟೆ.

ಮೂಲ ರೂಪ ಅಂದ್ರಲ್ಲ, ಅಲ್ಲಿಂದಲೇ ಶುರು ಮಾಡ್ತೀನಿ. ನಮ್ಮ ಕಡೆ ಜನಕ್ಕೆ ಜಾವಾ ಅಂದ್ರೆ ಮೈಸೂರು ಗಾಡಿ. ಹುಟ್ಟಿದ್ದು ಮಾತ್ರ ಚೆಕೊಸ್ಲೊವಾಕಿಯಾದಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಅಂತ ಒಬ್ಬ, ಮದ್ದುಗುಂಡು ಬಂದೂಕಿನ ಕಾರ್ಖಾನೆ ಇಟ್ಟಿದ್ದವನು, 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ಮಾಡುವ ಹಕ್ಕು ಕೊಂಡುಕೊಂಡ. ಅವನ ಹೆಸರಿನ ಮೊದಲಕ್ಷರ, ವಾಂಡರರ್‌ನ ಮೊದಲಕ್ಷರ ಎರಡನ್ನೂ ಜೋಡಿಸಿ ಹೆಸರಿಟ್ಟ. ಚೆಕ್ ಜನ 'ಯಾವಾ' ಅಂತಾರೆ. ಇಂಗ್ಲಿಷಿನ ಜೆ ಅಕ್ಷರ ಓದಿಕೊಂಡು ನಾವು 'ಜಾವಾ' ಮಾಡಿಕೊಂಡ್ವಿ. ಈಗ ಅವರೇ ಬಂದು ತಿದ್ದಿದರೂ ಮೈಸೂರಲ್ಲಿ ಯಾರೂ ಕೇಳಲ್ಲ.

ಮೈಸೂರಿಗೆ ಅದನ್ನ ತಂದವರು ರುಸ್ತುಂ ಇರಾನಿ, ಫರೋಖ್ ಇರಾನಿ ಅನ್ನೋ ಪಾರ್ಸಿಗಳು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿ ಯಾದವಗಿರಿಯಲ್ಲಿ ಕಾರ್ಖಾನೆ ತೆಗೆದರು. ಉದ್ಘಾಟನೆ ಮಾಡಿದವರು ಜಯಚಾಮರಾಜೇಂದ್ರ ಒಡೆಯರ್. ಆಗ ಅವರು ಮೈಸೂರು ರಾಜ್ಯದ ರಾಜ್ಯಪಾಲರು. 1961ರಿಂದ ಗಾಡಿಗಳು ಹೊರಗೆ ಬಂದವು. 250 ಸಿಸಿ, ಟೂ ಸ್ಟ್ರೋಕ್ ಎಂಜಿನ್, ಒಂದೇ ಸಿಲಿಂಡರು ಆದರೂ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್. ಕಿಕ್ ಹೊಡೆಯೋ ಕೋಲೇ ಮುಂದಕ್ಕೆ ಮಡಚಿದ್ರೆ ಗೇರು. 16 ಇಂಚಿನ ಗುಂಡುಗುಂಡು ಚಕ್ರ. ವಿದ್ಯುತ್ತು 6 ವೋಲ್ಟು, ಡೈನಮೋದಿಂದ. ಈ ಕೊನೇ ಮಾತು ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತೆ.

1973ರ ಸುಮಾರಿಗೆ ಜಾವಾ ಅನ್ನೋ ಹೆಸರು ಹೋಗಿ, ಅದೇ ಕಾರ್ಖಾನೆಯಿಂದ ಅದೇ ಗಾಡಿ ಯೆಜ್ಡಿ ಅಂತ ಬರೋಕೆ ಶುರುವಾಯ್ತು. ಹೆಸರು ಇರಾನಿನ ಯಜ್ದ್ ಪಟ್ಟಣದ್ದು ಅಂತಾರೆ. ಹೆಸರು ಬದಲಾದ ದಿನ ಮೂಳೆಮಾಂಸ ಬದಲಾಗಲಿಲ್ಲ. ಎಂಜಿನ್ನಿನ ಬಹುಪಾಲು, ಚಕ್ರ, ಹಿಂದಿನ ಸ್ವಿಂಗ್ ಆರ್ಮ್ ಎಲ್ಲ ಹಳೇ ಮನೆತನದ್ದೇ. ಟ್ಯಾಂಕು, ಮಡ್‌ಗಾರ್ಡು, ಲೈಟು, ಹೀಗೆ ಕಣ್ಣಿಗೆ ಕಾಣೋ ಸಾಮಾನು ಕ್ರಮೇಣ ಬದಲಾದವು. ಅದಕ್ಕೇ ಅದರ ಸಾಮಾನು ಇದಕ್ಕೆ, ಇದರ ಸಾಮಾನು ಅದಕ್ಕೆ ಹಾಕೋದು ನಮ್ಮ ಮೆಕ್ಯಾನಿಕ್‌ಗಳಿಗೆ ಮೊದಲಿಂದಲೂ ರೂಢಿ. ಆಗ ಜಾವಾಕ್ಕೆ ಯೆಜ್ಡಿ ಸಾಮಾನು ಹಾಕಿ ಹೊಸದು ಕಾಣಿಸ್ತಿದ್ರು. ಈಗ ತಿರುಗಾ ಮುರುಗಾ, ಯೆಜ್ಡಿಗೆ ಜಾವಾ ಟ್ಯಾಂಕು ಹಾಕಿ ಹಳೇದು ಕಾಣಿಸ್ತಾರೆ, ಯಾಕಂದ್ರೆ ಹಳೇದಕ್ಕೆ ರೇಟು ಜಾಸ್ತಿ.

ಅಪ್ಪ ಈ ಬೈಕನ್ನ ಸೆಕೆಂಡ್ ಹ್ಯಾಂಡಲ್ಲಿ 1974ರಲ್ಲಿ ತಗೊಂಡ್ರು. ಮಾಗಡಿ ರೋಡಿನ ಕಡೆ ಮಿಲ್ಲೊಂದರಲ್ಲಿ ಕೆಲಸ, ಮೂರು ಶಿಫ್ಟು. ಆಗಿನ ಕೆಂಗೇರಿ ಬೆಂಗಳೂರಿಗೆ ಸೇರಿದ್ದಲ್ಲ. ರೇಷ್ಮೆ, ತೋಟ, ಸಂತೆ ಇದ್ದ ಊರು. ಸಿಟಿಗೆ ಹೋಗಬೇಕಂದ್ರೆ ಮೈಸೂರು ರಸ್ತೆ ಒಂದೇ. ಎರಡೂ ಕಡೆ ದೊಡ್ಡ ಮರ, ಒಂದು ಕಡೆ ವೃಷಭಾವತಿ, ರಾತ್ರಿ ಆದ್ರೆ ಕಣ್ಣು ಕಿತ್ತರೂ ಕಾಣದ ಕತ್ತಲು. ಬೀದಿ ದೀಪ ಅನ್ನೋದು ನಾಯಂಡಹಳ್ಳಿಗೆ ಮುಗಿದು ಹೋಗ್ತಿತ್ತು ಅಂತ ಅಪ್ಪ ಹೇಳ್ತಿದ್ರು. ಯಾದವಗಿರಿಯಿಂದ ಹೊಸ ಗಾಡಿಗಳು ಬೆಂಗಳೂರಿಗೆ ಬರ್ತಿದ್ದ ದಾರೀನೂ ಇದೇ.

1979ರ ಕಡಲೆಕಾಯಿ ಪರಿಷೆ. ಕಾರ್ತಿಕದ ಕಡೇ ಸೋಮವಾರ. ನನ್ನನ್ನೂ ಅಣ್ಣನನ್ನೂ ಅಜ್ಜಿ ಹತ್ರ ಬಿಟ್ಟು ಅಪ್ಪ ಅಮ್ಮ ಬಸವನಗುಡಿಗೆ ಹೋಗಿದ್ರು. ವಾಪಸ್ ಬರುವಾಗ ಕತ್ತಲಾಗಿದೆ. ಆರ್.ವಿ. ಇಂಜಿನಿಯರಿಂಗ್ ಕಾಲೇಜು ದಾಟಿ ಸ್ವಲ್ಪ ಮುಂದೆ ಒಂದು ಎತ್ತಿನ ಗಾಡಿ, ಹುಲ್ಲು ಹೇರಿಕೊಂಡು ಹೋಗ್ತಿದೆ. ಎದುರಿಗೆ ಬಸ್ಸು ಬಂತು ಅಂತ ಅಪ್ಪ ಎತ್ತಿನ ಗಾಡಿ ಹಿಂದೆ ನಿಧಾನ ಮಾಡಿದ್ರು. ಹಿಂದಿಂದ ಲಾರಿ ಬಂದು ತಾಕ್ತು. ಜೋರಾಗಲ್ಲ, ಡ್ರೈವರ್ ಕಡೇ ಗಳಿಗೇಲಿ ಬ್ರೇಕ್ ಒತ್ತಿದ್ದ. ಆದ್ರೂ ಅಮ್ಮ ಎಡಕ್ಕೆ ಬಿದ್ಲು, ಎಡಗಾಲಿನ ಕಣಕಾಲು ಮುರೀತು. ಎರಡು ಸೇರು ಕಡಲೆಕಾಯಿ ರೋಡು ತುಂಬ.

ಲಾರಿಯವನು ಇಳಿದು ಬಂದು ಗಾಬರಿಯಿಂದ ಅಂದನಂತೆ: "ಎತ್ತಿನ ಗಾಡಿ ಲಾಟೀನು ಕಾಣ್ತು ಕಣಣ್ಣ, ನಿಮ್ ಲೈಟ್ ಕಾಣ್ಲೇ ಇಲ್ಲ."

ಈ ಮಾತು ಅಪ್ಪನಿಗೆ ಮರೆಯೋಕೇ ಆಗಲಿಲ್ಲ. ಎತ್ತಿನ ಗಾಡಿಯ ಅಚ್ಚಿನ ಕೆಳಗೆ ತೂಗಾಡೋ ಸೀಮೆಎಣ್ಣೆ ಲಾಟೀನು ಕಂಡಿದೆ, ಯಾದವಗಿರಿ ಕಾರ್ಖಾನೆಯ ವಿದ್ಯುತ್ ದೀಪ ಕಂಡಿಲ್ಲ. ಟೈಲ್ ಲೈಟಿನ ವಿಚಿತ್ರ ಏನಂದ್ರೆ ಗಾಡಿ ಓಡಿಸೋನಿಗೆ ಅದು ಕಾಣಲ್ಲ. ಹೆಡ್‌ಲೈಟ್ ಹೋದ್ರೆ ತಕ್ಷಣ ಗೊತ್ತಾಗುತ್ತೆ. ಹಿಂದಿನದು ಹೋಗಿ ಆರು ತಿಂಗಳಾದ್ರೂ ಓಡಿಸ್ಕೊಂಡು ಇರಬಹುದು.

ಅಮ್ಮನಿಗೆ ಪ್ಲಾಸ್ಟರ್ ಹಾಕಿಸಿ ಮನೇಲಿ ಕೂರಿಸಿದ ಮೇಲೆ ಅಪ್ಪ ಬೈಕ್ ಕಡೆ ತಿರುಗಿದ್ರು. ಮಡ್‌ಗಾರ್ಡ್ ಒಳಕ್ಕೆ ಬಗ್ಗಿ ಟಯರಿಗೆ ಉಜ್ಜುತ್ತಿತ್ತು. ಲೈಟಿನ ಗಾಜು ಪುಡಿ. ಟಿಂಕರ್ ಬಡಿದು ಸರಿ ಮಾಡ್ತೀನಿ ಅಂದ. ಅಪ್ಪ ಒಪ್ಪಲಿಲ್ಲ. ಲೈಟು ಸಾಲದು ಅನ್ನೋದೇ ಅವರ ತಕರಾರು, ತಗಡಿನದ್ದಲ್ಲ. ಆಗ ರಸ್ತೆ ಮೇಲೆ ಯೆಜ್ಡಿಗಳು ಓಡಾಡ್ತಿದ್ವು, ಅವುಗಳ ಹಿಂದಿನ ಲೈಟು ಇದಕ್ಕಿಂತ ದೊಡ್ಡದು, ಬ್ರೇಕ್ ಹಾಕಿದ್ರೆ ದೂರದಿಂದ ಕಾಣ್ತಿತ್ತು. ಹೊಸ ಸಾಮಾನು ಕೊಳ್ಳೋ ಶಕ್ತಿ ಇಲ್ಲ. ಜೆ.ಸಿ. ರೋಡಿನ ಸ್ಪೇರ್ ಅಂಗಡಿಗಳಲ್ಲಿ ಬೆಲೆ ಕೇಳಿ, ಅಲ್ಲಿಂದ ಶಿವಾಜಿನಗರದ ಗುಜರಿಗೆ ಹೋದ್ರು. ಮೂರು ಭಾನುವಾರ ತಿರುಗಿದ ಮೇಲೆ ಒಂದು ಯೆಜ್ಡಿ ಮಡ್‌ಗಾರ್ಡು ಲೈಟ್ ಸಮೇತ ಸಿಕ್ತು. ಬೇರೆ ಬಣ್ಣ. ಅದನ್ನ ಬಿಟಿಎಸ್ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದ್ರಂತೆ, ಕಂಡಕ್ಟರು ಲಗೇಜ್ ಟಿಕೆಟ್ ಹರಿದನಂತೆ.

ಈಗ ಕೂರಿಸೋ ಕೆಲಸ. ಇದನ್ನ ಅಪ್ಪ ಎಷ್ಟೋ ಸಲ ಹೇಳಿದ್ದಾರೆ, ಹೇಳೋವಾಗ ಕೈಯಲ್ಲೇ ಗಾಳೀಲಿ ಬೋಲ್ಟು ತಿರುಗಿಸ್ತಿದ್ರು. ಎರಡೂ ಗಾಡಿಯ ಚಕ್ರ 16 ಇಂಚೇ ಆದ್ದರಿಂದ ಬಾಗು ಹೊಂದಿಕೊಂಡಿತು. ಮುಂದೆ ಬಂದ ಯೆಜ್ಡಿ ರೋಡ್‌ಕಿಂಗ್ ಚಕ್ರ ಇದಕ್ಕಿಂತ ದೊಡ್ಡದು, ಅದರ ಮಡ್‌ಗಾರ್ಡ್ ಆಗಿದ್ರೆ ಹೊಂದ್ತಿರಲಿಲ್ಲ. ಹೊಂದದೇ ಇದ್ದಿದ್ದು ತೂತುಗಳು. ನಮ್ಮ ಗಾಡೀಲಿ ಒಂದು ಕಡೆ ಅರ್ಧ ಇಂಚಿನಷ್ಟು ಆಚೀಚೆ ಬಂತು.

ಕಣ್ಣಳತೇಲಿ ತೂತು ಹೊಡೆದ್ರೆ ಮಡ್‌ಗಾರ್ಡು ಸೊಟ್ಟಗೆ ಕೂರುತ್ತೆ, ಒಂದು ಕಡೆ ಟಯರಿಗೆ ಹತ್ರ, ಇನ್ನೊಂದು ಕಡೆ ದೂರ. ಅದಕ್ಕೆ ಅಪ್ಪ ಸೈಕಲ್ಲಿನ ಹಳೇ ಟ್ಯೂಬನ್ನ ಮಡಚಿ ಮಡಚಿ ಟಯರಿನ ಮೇಲೆ ಒಂದೇ ದಪ್ಪಕ್ಕೆ ಸುತ್ತಿದ್ರು. ಅದರ ಮೇಲೆ ಮಡ್‌ಗಾರ್ಡ್ ಇಳಿಬಿಟ್ರು. ಎಲ್ಲಾ ಕಡೆ ಒಂದೇ ಸಂದು ತಾನಾಗೇ ಬಂತು. ಆಗ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಹೊಸ ತೂತು ಹೊಡೆಯದೆ ಹಳೇ ತೂತನ್ನೇ ಉರುಟು ಅರದಿಂದ ಉದ್ದ ಮಾಡಿದ್ರು. ತಗಡಿನ ಅಂಚಿಗೆ ತೀರ ಹತ್ರ ಹೊಸ ತೂತು ಬಿದ್ರೆ ಅಲ್ಲಿಂದ ಸೀಳುತ್ತೆ. ಅರ ಉಜ್ಜಿದ ಜಾಗಕ್ಕೆಲ್ಲ ರೆಡ್ ಆಕ್ಸೈಡ್.

ಬೋಲ್ಟಿನ ವಿಷಯದಲ್ಲಿ ಅಪ್ಪ ಮೆಕ್ಯಾನಿಕ್ ಜೊತೆ ಜಗಳವನ್ನೇ ಆಡಿದ್ರಂತೆ. ಮೆಕ್ಯಾನಿಕ್ಕಿಗೆ ಹೊರಗಿಂದ ಬೋಲ್ಟ್ ತೂರಿಸಿ ಒಳಗೆ ನಟ್ ಬಿಗಿಯೋದು ಸುಲಭ. ಅಪ್ಪ ಅಂದ್ರು, ಗುಂಡು ತಲೆ ಒಳಗಿರಲಿ, ನಟ್ಟು ಹೊರಗಿರಲಿ. ಯಾಕಂದ್ರೆ ಹಿಂದಿನ ಚಕ್ರ ಸ್ವಿಂಗ್ ಆರ್ಮಿನ ಮೇಲೆ ಮೇಲೆ ಕೆಳಗೆ ಆಡುತ್ತೆ, ಮಡ್‌ಗಾರ್ಡ್ ಫ್ರೇಮಿಗೆ ಬಿಗಿದಿರುತ್ತೆ. ಇಬ್ಬರು ಕೂತು ಗುಂಡಿಗೆ ಇಳಿಸಿದ್ರೆ ಟಯರು ಮಡ್‌ಗಾರ್ಡಿನ ಹತ್ರಕ್ಕೆ ಬರುತ್ತೆ. ಒಳಗೆ ಬೋಲ್ಟಿನ ಕೊನೆ ಚಾಚಿಕೊಂಡಿದ್ರೆ ಟಯರನ್ನ ಕೊಯ್ದು ಹಾಕುತ್ತೆ. ಬಿಗಿದು ಮುಗಿದ ಮೇಲೆ ಅಪ್ಪನೂ ಮೆಕ್ಯಾನಿಕ್ಕೂ ಇಬ್ಬರೂ ಸೀಟಿನ ಮೇಲೆ ಕೂತು ಕುಪ್ಪಳಿಸಿದ್ರಂತೆ, ಕೆಳಗೆ ಒಬ್ಬ ಹುಡುಗ ಮಲಗಿ ಸಂದು ನೋಡ್ತಿದ್ದನಂತೆ. ಅಜ್ಜಿ ಇದನ್ನ ನೆನೆಸ್ಕೊಂಡು ಸಾಯೋವರೆಗೂ ನಗ್ತಿದ್ಲು.

ಇನ್ನೊಂದು ಸಂಗತಿ ತೂಕ. ದೊಡ್ಡ ಲೈಟು, ನಂಬರ್ ಪ್ಲೇಟು ಎರಡೂ ಮಡ್‌ಗಾರ್ಡಿನ ತುದೀಲಿ. ಟೂ ಸ್ಟ್ರೋಕ್ ಎಂಜಿನ್ ನಡುಗಿಸ್ತಾನೇ ಇರುತ್ತೆ. ತುದಿ ಅಲ್ಲಾಡಿ ಅಲ್ಲಾಡಿ ಬುಡದಲ್ಲಿ ತಗಡು ಬಿರುಕು ಬಿಡುತ್ತೆ. ಅದಕ್ಕೆ ಅಗಲ ವಾಷರ್ ಕೊಟ್ಟು, ಲೈಟಿನ ಕೆಳಗೆ ರಬ್ಬರ್ ಹಾಳೆ ಹಾಕಿ, ಹಿಂದಿನ ಸ್ಟೇಗಳನ್ನ ಬಿಡದೆ ಬಿಗಿದ್ರು. ವೈರು ತಗಡು ತೂರೋ ಕಡೆ ರಬ್ಬರ್ ಬುಷ್. ಅದಿಲ್ಲದಿದ್ರೆ ತಗಡಿನ ಅಂಚು ವೈರನ್ನ ಒಂದು ಮಳೆಗಾಲದಲ್ಲಿ ಕುಯ್ಯುತ್ತೆ.

ಎಲ್ಲ ಆಯ್ತು. ಲೈಟ್ ಹಾಕಿದ್ರೆ ಹಳೇದರಷ್ಟೇ ಮಂಕು!

ಇಲ್ಲಿ ಸ್ವಲ್ಪ ಲೆಕ್ಕ ಹೇಳ್ಬೇಕು, ಬೇಜಾರು ಮಾಡ್ಕೋಬೇಡಿ. ಟೈಲ್ ಲೈಟಿಗೆ ಒಂದು ವೈರಿಂದ ಕರೆಂಟ್ ಹೋಗುತ್ತೆ, ವಾಪಸ್ ಬರೋದು ಗಾಡಿಯ ಕಬ್ಬಿಣದ ಮೂಲಕ. ಅದನ್ನೇ ಅರ್ಥ್ ಅನ್ನೋದು. ಮಡ್‌ಗಾರ್ಡಿಗೆ ಬಣ್ಣ ಬಳಿದ ಮೇಲೆ ಬೋಲ್ಟಿನ ಕೆಳಗೆಲ್ಲ ಬಣ್ಣ, ರೆಡ್ ಆಕ್ಸೈಡ್ ಕೂತು ದಾರಿ ಕಟ್ಟಿಹೋಗುತ್ತೆ. 18 ವ್ಯಾಟಿನ ಬಲ್ಬು 6 ವೋಲ್ಟಲ್ಲಿ 3 ಆಂಪಿಯರ್ ಎಳೆಯುತ್ತೆ, ಅದೇ ವ್ಯಾಟಿನದು 12 ವೋಲ್ಟಲ್ಲಿ ಒಂದೂವರೆ ಆಂಪಿಯರ್ ಸಾಕು. ಆ ಬಣ್ಣ ತುಕ್ಕಿನ ಅಡ್ಡಿ ಬರೀ ಅರ್ಧ ಓಮ್ ಅಂತಿಟ್ಕೊಳ್ಳಿ. 12 ವೋಲ್ಟಿನ ಗಾಡೀಲಿ ಬಲ್ಬಿಗೆ 11 ವೋಲ್ಟಿನ ಮೇಲೇ ಸಿಗುತ್ತೆ, ಬೆಳಕು ನೂರಕ್ಕೆ ಎಂಬತ್ತರಷ್ಟು ಉಳಿಯುತ್ತೆ. 6 ವೋಲ್ಟಿನ ಗಾಡೀಲಿ ಬಲ್ಬಿಗೆ ಸಿಗೋದು 5ಕ್ಕೂ ಕಡಿಮೆ, ಬೆಳಕು ಅರ್ಧಕ್ಕಿಂತ ಕೆಳಗೆ. ತಂತಿ ಬಲ್ಬಿನ ಬೆಳಕು ವೋಲ್ಟು ಇಳಿದಷ್ಟೇ ಇಳಿಯಲ್ಲ, ಅದಕ್ಕಿಂತ ಬಹಳ ಬೇಗ ಬೀಳುತ್ತೆ. ಸಾಲದ್ದಕ್ಕೆ ಎಂಜಿನ್ ನಿಧಾನ ಆದಾಗ ಡೈನಮೋ ಕೈಬಿಡುತ್ತೆ, ಭಾರ ಎಲ್ಲ ಬ್ಯಾಟರಿ ಮೇಲೆ. ಅಂದ್ರೆ ಎತ್ತಿನ ಗಾಡಿ ಹಿಂದೆ ನಿಧಾನ ಮಾಡಿದಾಗ್ಲೇ, ಲೈಟ್ ಅತೀ ಬೇಕಾದಾಗ್ಲೇ, ಲೈಟ್ ಅತೀ ಮಂಕು.

ಅಪ್ಪ ಓದಿದ್ದು ಎಸ್ಸೆಸ್ಸೆಲ್ಸಿ. ಈ ಲೆಕ್ಕ ನಾನು ಮಾಡಿದ್ದು, ಅವರು ಮಾಡಿದ್ದು ಕೆಲಸ. ಮಿಲ್ಲಿನ ಎಲೆಕ್ಟ್ರಿಷಿಯನ್ ಒಬ್ಬರನ್ನ ಕೇಳಿ, ಲೈಟಿನ ಹೋಲ್ಡರಿಂದ ನೇರ ಫ್ರೇಮಿಗೆ ಒಂದು ದಪ್ಪ ವೈರು ಬೇರೆ ಎಳೆದು, ಫ್ರೇಮಿನ ಆ ಜಾಗದ ಬಣ್ಣ ಕೆರೆದು ಬಿಗಿದ್ರು. ಆಮೇಲೆ ಬ್ರೇಕ್ ಒತ್ತಿದ್ರೆ ಎದುರು ಮನೆ ಗೋಡೆ ಕೆಂಪಾಯ್ತು. ಅಮ್ಮ ಪ್ಲಾಸ್ಟರ್ ಕಾಲಲ್ಲಿ ಕುಂಟುತ್ತಾ ಬಂದು ಬಾಗಿಲಲ್ಲಿ ನಿಂತು ನೋಡಿ, "ಇದನ್ನ ಆವತ್ತೇ ಮಾಡೋಕೆ ಏನಾಗಿತ್ತು" ಅಂದ್ಲಂತೆ.

ನಿಜ ಹೇಳ್ಬೇಕಂದ್ರೆ ಆ ಒಂದು ವೈರು ಹಳೇ ಲೈಟಿಗೇ ಎಳೆದಿದ್ರೂ ಅರ್ಧ ರೋಗ ವಾಸಿಯಾಗ್ತಿತ್ತು. ಅಪ್ಪನಿಗೂ ಆಮೇಲೆ ಇದು ಹೊಳೆದಿತ್ತು, ಆದ್ರೆ ಒಪ್ಕೊಳ್ತಿರಲಿಲ್ಲ.

ಹಿಂದೆ ಕೂರೋ ಹೆಂಗಸರ ಮಾತು ಬಂತಲ್ಲ, ಅದಕ್ಕೊಂದು ಬೇರೆ ಚರಿತ್ರೆಯೇ ಇದೆ. ಮೋಟರ್‌ಸೈಕಲ್ ಮಾಡಿದ ದೇಶಗಳಲ್ಲಿ ಹಿಂದೆ ಕೂರೋರು ಕಾಲು ಆಚೆ ಈಚೆ ಹಾಕಿ ಕೂರ್ತಾರೆ. ನಮ್ಮಲ್ಲಿ ಸೀರೆ ಉಟ್ಟವರು ಎರಡೂ ಕಾಲು ಎಡಕ್ಕೆ ಬಿಟ್ಟು ಕೂರೋದು. ಸೆರಗು, ನೆರಿಗೆ ಚಕ್ರದ ಕಡ್ಡಿಗೆ ಸಿಕ್ಕಿ ಆದ ಅನಾಹುತ ಒಂದೆರಡಲ್ಲ. ಅದಕ್ಕೇ ಸೀರೆ ಗಾರ್ಡ್ ಬಂದಿದ್ದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಇದಕ್ಕೇ ಮೀಸಲು: ಹಿಂದೆ ಕೂರೋರಿಗೆ ಹಿಡಿಕೆ ಇರಬೇಕು, ಕಾಲಿಡೋಕೆ ಜಾಗ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಕಡೇಪಕ್ಷ ಅರ್ಧ ಭಾಗ ಮುಚ್ಚಿರಬೇಕು. ಅಪ್ಪ ಅದಕ್ಕೆ ಹತ್ತು ವರ್ಷ ಮುಂಚೆಯೇ ಯೆಜ್ಡಿ ಮಡ್‌ಗಾರ್ಡ್ ಹಾಕಿಸುವಾಗ ಕಬ್ಬಿಣದ ಸರಳು ಬಗ್ಗಿಸಿ ಒಂದು ಗಾರ್ಡ್ ಮಾಡಿಸಿದ್ರು. ಅದನ್ನ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಗೆಳೆಯರೊಬ್ಬರು ಮಾಡಿಕೊಟ್ಟಿದ್ದು, ಕಾಸು ತಗೊಳ್ಳಲಿಲ್ಲ. ಅಣ್ಣನ ಮಗನ ಪ್ರಕಾರ ಅದೂ ಒರಿಜಿನಲ್ ಅಲ್ಲ, ತೆಗೀಬೇಕು.

1985ರ ಆಚೆ ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100 ಬಂದ ಮೇಲೆ ಜನ ಆ ಕಡೆ ಹೋದ್ರು. 1996ರಲ್ಲಿ ಯಾದವಗಿರಿ ಕಾರ್ಖಾನೆ ಬಾಗಿಲು ಹಾಕ್ತು. ಆಮೇಲೆ ಸಾಮಾನಿಗೆ ಪರದಾಟ. ಒಮ್ಮೆ ಅಣ್ಣ ಬ್ರೇಕ್ ಲೈಟ್ ಬಲ್ಬ್ ತರೋಕೆ ಹೋಗಿ, ಅಂಗಡಿ ಹುಡುಗ ಕೊಟ್ಟ 12 ವೋಲ್ಟಿನ ಬಲ್ಬನ್ನೇ ತಂದು ಹಾಕಿದ. ಕೂತಿದ್ದೇನೋ ಸರಿಯಾಗೇ ಕೂತಿತು, ಎರಡರ ಪಿನ್ನೂ ಒಂದೇ ಥರ. ಉರಿದಿದ್ದು ಮಾತ್ರ ಊದುಬತ್ತಿ ತುದಿ ಥರ. ಅರ್ಧ ವೋಲ್ಟಿಗೆ ಬೆಳಕು ಹತ್ತರಲ್ಲೊಂದು ಪಾಲು. ಅಪ್ಪ ಮೊದಲು ನೋಡಿದ್ದು ಅಣ್ಣನ ಮುಖ, ಆಮೇಲೆ ಅಮ್ಮನ ಕಾಲು. ಅಣ್ಣ ಅವತ್ತೇ ಸಾಯಂಕಾಲ ಜೆ.ಸಿ. ರೋಡೆಲ್ಲ ಸುತ್ತಿ 6 ವೋಲ್ಟಿನದು ಒಂದು ಡಜನ್ ತಂದ. ಅದರಲ್ಲಿ ನಾಲ್ಕು ಇನ್ನೂ ಹಾರ್ಲಿಕ್ಸ್ ಬಾಟಲೀಲಿ ಇವೆ.

ಕಾನೂನಿನ ಕಡೆಯಿಂದ ನೋಡಿದ್ರೆ ಅಣ್ಣನ ಮಗ ಹೇಳೋದ್ರಲ್ಲಿ ಹುರುಳಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಬಿಗಿಯಾಗಿ ಹೇಳಿದೆ. ನಮ್ಮ ಆರ್‌ಸಿ ತೆಗೆದು ನೋಡಿದೆ. ಎಂಜಿನ್ ನಂಬರ್, ಚಾಸಿ ನಂಬರ್, ಬಣ್ಣ ಎಲ್ಲ ಇದೆ. ಮಡ್‌ಗಾರ್ಡಿನ ಕಾಲಂ ಇಲ್ಲ. ಬಣ್ಣ ಕೂಡ ಅಪ್ಪ ಹಳೇದಕ್ಕೆ ಹೊಂದೋ ಹಾಗೆ ಹೊಡೆಸಿದ್ರು. ಹಾಗಾಗಿ ಮಾಮೂಲಿ ಓಡಾಟಕ್ಕೆ, ಐದೈದು ವರ್ಷದ ರಿನ್ಯೂವಲ್ಲಿಗೆ ಯಾವತ್ತೂ ತೊಂದರೆ ಬಂದಿಲ್ಲ. ವಿಂಟೇಜ್ ಅಂತ ಹೋದ್ರೆ ಮಾತ್ರ 'ಮೂಲ ರೂಪ' ಅನ್ನೋ ಮಾತು ಎದ್ದು ನಿಲ್ಲುತ್ತೆ.

ಆ ನಿಯಮವನ್ನ ನಾನೂ ಪೂರ್ತಿ ಓದಿದೆ. ಅದರಲ್ಲಿ ಹುಡುಗ ಹೇಳದೇ ಬಿಟ್ಟಿದ್ದ ಒಂದು ಸಾಲು ಇತ್ತು. ವಿಂಟೇಜ್ ಗಾಡಿಯನ್ನ ದಿನನಿತ್ಯದ ಓಡಾಟಕ್ಕೆ ರಸ್ತೆಗೆ ಇಳಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸೋದು, ರಿಪೇರಿ ಇಂಥದ್ದಕ್ಕೆ ಮಾತ್ರ.

"ಅಂದ್ರೆ ಬಿಡದಿಗೆ ಹೋಗೋ ಹಾಗಿಲ್ವಾ?" ಅಂದ್ಲು ಅಮ್ಮ.

ಅಣ್ಣ ತಿಂಗಳಿಗೊಂದು ಭಾನುವಾರ ಬೈಕಲ್ಲಿ ಬಿಡದಿಗೆ ಹೋಗಿ ತಟ್ಟೆ ಇಡ್ಲಿ ಕಟ್ಟಿಸ್ಕೊಂಡು ಬರ್ತಾನೆ, ಅದು ಅಪ್ಪ ಹಾಕಿಕೊಟ್ಟ ಪದ್ಧತಿ. 2023ರ ಆಗಸ್ಟ್ 1ರಿಂದ ಹೊಸ ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್, ಆಟೋ, ಟ್ರ್ಯಾಕ್ಟರ್ ಬಿಡೋದಿಲ್ಲವಾದ್ದರಿಂದ ಈಗ ಸರ್ವಿಸ್ ರೋಡೇ ಗತಿ. ಮೈಸೂರಲ್ಲಿ ಹುಟ್ಟಿದ ಗಾಡಿ ಮೈಸೂರು ದಾರಿಯ ಅಂಚಿನಲ್ಲಿ ಹೋಗ್ಬೇಕು. ಹೋಗ್ತಾನಂತೂ ಹೋಗ್ತಾನೆ. ಆ ಸರ್ವಿಸ್ ರೋಡಲ್ಲಿ ರಾಂಗ್ ಸೈಡಲ್ಲಿ ಬರೋರು, ಹಿಂದೆ ಹಾರ್ನ್ ಒತ್ತೋರು, ಲೆಕ್ಕ ಇಲ್ಲ.

"ಅಜ್ಜಿ, ವಿಂಟೇಜ್ ಮಾಡ್ಸಿದ್ರೆ ಬೈಕ್ ಭದ್ರವಾಗಿರುತ್ತೆ" ಅಂದ ಹುಡುಗ.

"ಬೈಕು ಭದ್ರವಾಗೇ ಐತೆ ಕಣಪ್ಪ. ಓಡ್ಸೋನು ಭದ್ರವಾಗಿರ್ಬೇಕಲ್ಲ. ಆ ಲೈಟ್ ತೆಗೀಬೇಡ. ಆ ಲೈಟ್ ಹಾಕಕ್ಕೆ ನಿಮ್ ತಾತ ಮೂರು ಭಾನುವಾರ ಉಂಡಿರಲಿಲ್ಲ."

ಹುಡುಗ ಅಷ್ಟಕ್ಕೇ ಬಿಡಲಿಲ್ಲ, ಅಟ್ಟದಿಂದ ಹಳೇದನ್ನ ಇಳಿಸೇ ಇಳಿಸಿದ. ಗೋಣಿ ಬಿಚ್ಚಿ ನೋಡಿದ್ರೆ ತಗ್ಗು ಬಿದ್ದ ಜಾಗದ ಒಳಮೈ ತುಕ್ಕು ತಿಂದು ಜರಡಿ. ಟಿಂಕರ್ ಬಂದು ನೋಡಿ, ಆ ಭಾಗ ಕತ್ತರಿಸಿ ಹೊಸ ತಗಡು ಬೆಸೆಯಬೇಕು ಅಂದ. ಹುಡುಗನೇ ಕೇಳಿದ, ಹಾಗಾದ್ರೆ ಅದು ಒರಿಜಿನಲ್ ಹೆಂಗಾಗುತ್ತೆ ಅಂತ. ಟಿಂಕರ್ ನಕ್ಕ.

ಯೆಜ್ಡಿ ಮಡ್‌ಗಾರ್ಡನ್ನೂ ಒಂದು ಸಲ ಬಿಚ್ಚಿ ನೋಡೋಣ ಅಂತ ಆ ಭಾನುವಾರ ಬಿಚ್ಚಿದ್ವಿ. ಉದ್ದ ಮಾಡಿದ ತೂತುಗಳು, ಗುಂಡು ತಲೆಯ ಬೋಲ್ಟುಗಳು ಎಲ್ಲ ಅಪ್ಪ ಹೇಳಿದ ಹಾಗೇ ಇದ್ವು. ದಪ್ಪ ವೈರಿನ ಪ್ಲಾಸ್ಟಿಕ್ ಒಣಗಿ ಬಿರಿದಿತ್ತು. ಹುಡುಗ ಅದೇ ಅಳತೆಯ ಹೊಸ ವೈರು ಹಾಕಿ, ಫ್ರೇಮಿನ ಬಣ್ಣ ಮತ್ತೆ ಕೆರೆದು, ವ್ಯಾಸಲೀನ್ ಸವರಿ ಬಿಗಿದ. ಬಲ್ಬಿನ ಬದಲು 6 ವೋಲ್ಟಿನ ಎಲ್‌ಇಡಿ ತರಿಸ್ತೀನಿ ಅಂತಿದ್ದಾನೆ. ಕರೆಂಟು ಕಡಿಮೆ ಎಳೆಯುತ್ತೆ, ನನ್ನದೇನೂ ಅಭ್ಯಂತರ ಇಲ್ಲ. ಪ್ಲೇಟು ಕೂರೋಕೆ ಹಳೇ ತೂತು ಹೊಂದಲಿಲ್ಲ. ಈ ಸಲವೂ ಉರುಟು ಅರವೇ.

ಹೊಸ ಪ್ಲೇಟಿನ ಲಾಕ್ ಒತ್ತಿದ ದಿನ ಸಾಯಂಕಾಲ ಅಮ್ಮ ಗೇಟಿನ ಹತ್ರ ಕುರ್ಚಿ ಹಾಕಿಸ್ಕೊಂಡು ಕೂತಿದ್ಲು. ಅಣ್ಣ ಬೀದಿ ಕೊನೆವರೆಗೂ ಹೋಗಿ ಬ್ರೇಕ್ ಹಾಕಿ ನಿಲ್ಲಿಸ್ದ. ಅಮ್ಮನಿಗೆ ಈಗ ಎಡಗಣ್ಣಲ್ಲಿ ಪೊರೆ. ಬಲಗೈ ಎತ್ತಿ, ಕಂಡ್ತು ಅನ್ನೋ ಹಾಗೆ ಸನ್ನೆ ಮಾಡಿದ್ಲು. ಹಳೇ ಮಡ್‌ಗಾರ್ಡು ಅಟ್ಟಕ್ಕೇ ವಾಪಸ್ ಹೋಯ್ತು, ಗೋಣಿ ಗೆದ್ದಲು ಹಿಡಿದಿದ್ರಿಂದ ಈ ಸಲ ಅಮ್ಮನ ಒಂದು ಹಳೇ ವಾಯಿಲ್ ಸೀರೇಲಿ ಸುತ್ತಿ.